ಗಾಳಿ ಇಲ್ಲದಾಗ ತೂರಿಕೊಂಡವರು

ಸಾರಥಿಯಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಜೇಬಿನಲ್ಲಿ ಒಂದು ಹಾಳೆ ಇತ್ತು. ದಾವಣಗೆರೆ ಲೋಕಸಭಾ ಕ್ಷೇತ್ರ ಹುಟ್ಟಿದ 1977ರಿಂದ 2024ರವರೆಗೆ ಅಲ್ಲಿ ಗೆದ್ದವರ ಪಟ್ಟಿ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಇಸವಿ. ಅದನ್ನು ನೋಡಿ ಮಡಚಿಡೋಣ ಎಂದು ಬಿಚ್ಚಿದವನು ಮೇಲಿನಿಂದ ಕೆಳಗೆ ಓದಿದೆ. ಮತ್ತೆ ಕೆಳಗಿನಿಂದ ಮೇಲೆ ಓದಿದೆ. ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ನಾನು ಏಳಲೇ ಇಲ್ಲ!

1996, ಜಿ. ಮಲ್ಲಿಕಾರ್ಜುನಪ್ಪ. 1998, ಶಾಮನೂರು ಶಿವಶಂಕರಪ್ಪ. 1999, ಮತ್ತೆ ಮಲ್ಲಿಕಾರ್ಜುನಪ್ಪ. 2004, 2009, 2014, 2019, ಅವರ ಮಗ ಜಿ.ಎಂ. ಸಿದ್ದೇಶ್ವರ. 2024, ಶಿವಶಂಕರಪ್ಪನವರ ಸೊಸೆ ಡಾ. ಪ್ರಭಾ ಮಲ್ಲಿಕಾರ್ಜುನ್. ಎಂಟು ಚುನಾವಣೆ, 28 ವರ್ಷ, ಎರಡೇ ಮನೆ. ಒಂದು ಮನೆಯಲ್ಲಿ ತಂದೆಯ ಹೆಸರು ಮಲ್ಲಿಕಾರ್ಜುನಪ್ಪ, ಇನ್ನೊಂದು ಮನೆಯಲ್ಲಿ ಮಗನ ಹೆಸರು ಮಲ್ಲಿಕಾರ್ಜುನ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹಾಳೆಯ ಮೇಲೆ ಬಗ್ಗಿ ನೋಡಿ, "ಇದ್ರಾಗೇನೈತಿ ಹೊಸಾದು, ಎರಡ್ ಮನಿ ಲೆಕ್ಕ ಅದು" ಎಂದು ಮತ್ತೆ ಎಲೆ ಅಡಿಕೆಗೆ ಕೈ ಹಾಕಿದರು. ಅವರಿಗೆ ಅದು ದಿನದ ಮಾತು. ನನಗೆ ಮಾತ್ರ ಆ ಹೊತ್ತು ಒಂದು ಬಾಗಿಲೇ ತೆರೆದಂತಾಗಿತ್ತು.

ಬೆರಗಿನ ಮೊದಲ ಮೆಟ್ಟಿಲು ಸಾರಥಿಯಲ್ಲೇ ಇದೆ. ಹರಿಹರ ತಾಲ್ಲೂಕಿನ ಊರು ಇದು. ತುಂಗಭದ್ರೆ ತುಂಬಿ ಬಂದ ಮಳೆಗಾಲದಲ್ಲಿ ಸಾರಥಿ–ಚಿಕ್ಕಬಿದರಿ ರಸ್ತೆ ನೀರಿನಡಿ ಹೋಗಿ ಜನ ಸುತ್ತು ಹಾಕಿಕೊಂಡು ಓಡಾಡಬೇಕಾಗುತ್ತದೆ. ಇಲ್ಲಿನ ಮತದಾರ ಶಾಸಕನನ್ನು ಆರಿಸುವುದು ಹರಿಹರ ಕ್ಷೇತ್ರಕ್ಕೆ, ಸಂಸದನನ್ನು ಆರಿಸುವುದು ದಾವಣಗೆರೆಗೆ. ಹರಿಹರದ ಲೆಕ್ಕ ನೋಡಿ: 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜೆಡಿಎಸ್‌ನ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ, 2023ರಲ್ಲಿ ಮತ್ತೆ ಹರೀಶ್. ನಾಲ್ಕು ಚುನಾವಣೆಗೆ ಮೂರು ಪಕ್ಷ, ಒಂದು ಸಲವೂ ಕೂತವರನ್ನು ಮತ್ತೆ ಕೂರಿಸಿಲ್ಲ. ಅದೇ ಬೆರಳು, ಅದೇ ಶಾಯಿ, ಅದೇ ಶಾಲೆಯ ಮತಗಟ್ಟೆ. ಆದರೆ ಲೋಕಸಭೆಯ ಪೆಟ್ಟಿಗೆ ಮುಂದೆ ನಿಂತಾಗ ಅದೇ ಮತದಾರನ ಮುಂದೆ ಬಂದು ನಿಲ್ಲುವುದು ಮತ್ತೆ ಮತ್ತೆ ಅದೇ ಎರಡು ಮನೆ! ಹದಿನೈದು ಕಿಲೋಮೀಟರ್ ಅಂತರದಲ್ಲಿ ಎರಡು ರೀತಿಯ ರಾಜಕೀಯ ಹೇಗೆ ಬದುಕುತ್ತದೆ? ಈ ಪ್ರಶ್ನೆಯೇ ನನ್ನನ್ನು ದಾವಣಗೆರೆಗೆ ಎಳೆದುಕೊಂಡು ಹೋಯಿತು. ಆ ಎರಡು ಮನೆಗಳಲ್ಲಿ ಶಾಮನೂರು ಮನೆಯ ಕತೆ ಬಿಚ್ಚುತ್ತಾ ಹೋದ ಹಾಗೆ ನನಗೆ ನಿದ್ದೆಯೇ ಹಾರಿಹೋಯಿತು.

ಯಾಕೆಂದರೆ ಹಾಳೆಯ ಪಕ್ಕದಲ್ಲಿ ನಾನು ಇನ್ನೊಂದು ಹಾಳೆ ಇಟ್ಟೆ. ಆಯಾ ವರ್ಷ ರಾಜ್ಯದಲ್ಲಿ ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಬಂತು ಎಂಬ ಲೆಕ್ಕ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಗಾದೆ. ಕಣದಲ್ಲಿ ನಿಂತ ರೈತನಿಗೆ ಅದು ಗೊತ್ತು, ರಾಜಕಾರಣಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಶಾಮನೂರು ಶಿವಶಂಕರಪ್ಪ ಮೊದಲ ಸಲ ವಿಧಾನಸಭೆಗೆ ಕಾಲಿಟ್ಟದ್ದು 1994ರಲ್ಲಿ, ಕಾಂಗ್ರೆಸ್ ಟಿಕೆಟ್ ಮೇಲೆ. ಆ ವರ್ಷ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 224ರಲ್ಲಿ ಬರೀ 34! ದೊಡ್ಡ ದೊಡ್ಡ ತಲೆಗಳು ಉರುಳಿದ ಆ ಚುನಾವಣೆಯಲ್ಲಿ ಈ ಮನುಷ್ಯ ಮೊದಲ ಸಲ ಗೆದ್ದರು. 1998ರಲ್ಲಿ ಬಿಜೆಪಿ ಮತ್ತು ಲೋಕಶಕ್ತಿ ಸೇರಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 16 ಬಾಚಿದವು. ಕಾಂಗ್ರೆಸ್‌ಗೆ ಉಳಿದದ್ದು 9. ಆ ಒಂಬತ್ತರಲ್ಲಿ ಒಂದು ದಾವಣಗೆರೆ, ಗೆದ್ದವರು ಶಿವಶಂಕರಪ್ಪ. ಮರುವರ್ಷ, 1999ರಲ್ಲಿ, ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆಯ ಅಲೆ. ಕಾಂಗ್ರೆಸ್‌ಗೆ ಲೋಕಸಭೆಯಲ್ಲಿ 18 ಸ್ಥಾನ, ವಿಧಾನಸಭೆಯಲ್ಲಿ ಅಧಿಕಾರ. ಆಗ ಅವರು ಸೋತರು! ಬಿರುಗಾಳಿ ಎದುರಿಗೆ ಬೀಸಿದಾಗ ಗೆದ್ದವರು ಗಾಳಿ ಬೆನ್ನಿಗೆ ಬಂದಾಗ ಸೋತರು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಇಸವಿ ಸರಿಯಾಗಿತ್ತು, ಅಂಕಿ ಸರಿಯಾಗಿತ್ತು.

ಇದು ಬರೀ ಪಕ್ಷದ ಬಲದಿಂದ ನಿಂತ ಮನೆಯಲ್ಲ ಎಂಬುದು ನನಗೆ ಹೊಳೆದದ್ದು ಆಗ. ಹಾಗಾದರೆ ಇದರ ಬುಡ ಎಲ್ಲಿದೆ?

ಬುಡ ಮಂಡಿಪೇಟೆಯಲ್ಲಿದೆ.

ದಾವಣಗೆರೆಯ ಗಡಿಯಾರ ಕಂಬದಿಂದ ಒಳಗೆ ಸರಿದರೆ ಈಗಲೂ ಆ ವಾಸನೆ ಸಿಗುತ್ತದೆ. ಒಣಮೆಣಸಿನಕಾಯಿಯ ಘಾಟು, ಗೋಣಿಚೀಲದ ಧೂಳು, ಬೆಲ್ಲದ ಸಿಹಿ. ಅಂಗಡಿಯ ಮೆಟ್ಟಿಲ ಮೇಲೆ ಚೀಲದ ಬಾಯಿ ಬಿಚ್ಚಿಟ್ಟಿರುತ್ತಾರೆ. ವ್ಯಾಪಾರಿ ಬಂದು ಒಂದು ಹಿಡಿ ಕಾಳು ತೆಗೆದು ಅಂಗೈ ಮೇಲೆ ಹರಡಿ, ಹೆಬ್ಬೆರಳಿನಿಂದ ಉಜ್ಜಿ, ಒಂದನ್ನು ಹಲ್ಲಿಗೆ ಇಟ್ಟು ಕಡಿದು, ಮಾತಿಲ್ಲದೆ ಉಳಿದದ್ದನ್ನು ಚೀಲಕ್ಕೇ ಸುರಿಯುತ್ತಾನೆ. ದರ ಆಮೇಲೆ. ಮೊದಲು ಕಾಳು, ಅದಕ್ಕಿಂತ ಮೊದಲು ಆ ಕಾಳು ತಂದ ರೈತನ ಮುಖ. ಯಾರ ಹೊಲ ಯಾವ ನಾಲೆಯ ಕೊನೆಗಿದೆ, ಯಾರ ಮಗಳ ಮದುವೆ ಯಾವ ತಿಂಗಳಿಗಿದೆ, ಯಾರಿಗೆ ಈ ಸುಗ್ಗಿವರೆಗೆ ಸಾಲ ಕೊಟ್ಟರೆ ತಿರುಗಿ ಬರುತ್ತದೆ, ಇದೆಲ್ಲ ಗೊತ್ತಿಲ್ಲದವನು ದಲಾಲಿ ಅಂಗಡಿ ನಡೆಸಲಾರ. ನಿಂತು ನೋಡುತ್ತಿದ್ದ ನನಗೆ ತಟ್ಟನೆ ಅನ್ನಿಸಿತು: ಊರೂರಿನ ಮನೆಮನೆಯ ಲೆಕ್ಕ ಬಾಯಲ್ಲೇ ಇರುವವನಿಗೆ ಮತದಾರರ ಪಟ್ಟಿ ಬೇರೆ ಬೇಕೇ?

1931ರ ಜೂನ್ 16ರಂದು ಹುಟ್ಟಿದ ಶಿವಶಂಕರಪ್ಪ ಇಂಥ ವ್ಯಾಪಾರದ ಲೋಕದಿಂದ ಬಂದವರು. ತಂದೆ ಕಲ್ಲಪ್ಪ. ಮನೆತನದ ಹೆಸರಿನಲ್ಲಿರುವ ಶಾಮನೂರು ಒಂದು ಕಾಲದ ಹಳ್ಳಿ, ಈಗ ದಾವಣಗೆರೆ ಅದನ್ನು ನುಂಗಿಕೊಂಡಿದೆ. 1969ರಲ್ಲಿ ನಗರಸಭೆಗೆ ಸದಸ್ಯರಾಗಿ ಬಂದರು, ಎಪ್ಪತ್ತರ ದಶಕದ ಆರಂಭದಲ್ಲಿ ಅಧ್ಯಕ್ಷರಾದರು. ಆಮೇಲೆ? ಆಮೇಲೆ ಎರಡು ದಶಕ ವಿಧಾನಸೌಧದ ಕಡೆ ಹೆಜ್ಜೆ ಇಲ್ಲ!

ಆ ಎರಡು ದಶಕ ಊರಿನಲ್ಲಿ ಏನು ನಡೆಯಿತು ಎಂಬುದೇ ಈ ಕತೆಯ ಅತಿ ರೋಚಕ ಭಾಗ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿತ್ತು, ಸೈರನ್ ಕೇಳಿ ಮಲಗುತ್ತಿತ್ತು. ಗಿರಣಿ ಕಾರ್ಮಿಕರ ನಾಯಕ, ಸಿಪಿಐನ ಕಾಮ್ರೇಡ್ ಪಂಪಾಪತಿ, 1978, 1983, 1985ರಲ್ಲಿ ಸತತ ಮೂರು ಸಲ ಇಲ್ಲಿಂದ ಶಾಸಕರಾದರು. ಯೋಚಿಸಿ ನೋಡಿ, ಬಯಲುಸೀಮೆಯ ನಡುಮಧ್ಯದ ವ್ಯಾಪಾರಿ ಊರು ಕೆಂಬಾವುಟವನ್ನು ಮೂರು ಸಲ ವಿಧಾನಸೌಧಕ್ಕೆ ಕಳಿಸಿತ್ತು! ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೈರನ್ ನಿಂತಿತು. ಆ ಸದ್ದಿನ ಜಾಗಕ್ಕೆ ಬಂದದ್ದು ಕಾಲೇಜಿನ ಗಂಟೆ.

ಬಾಪೂಜಿ ವಿದ್ಯಾಸಂಸ್ಥೆ ಶುರುವಾದದ್ದು 1958ರಲ್ಲಿ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಬಂತು, 1979ರಲ್ಲಿ ಎಂಜಿನಿಯರಿಂಗ್ ಮತ್ತು ದಂತ ವೈದ್ಯಕೀಯ ಕಾಲೇಜುಗಳು. ಊರವರು ಸೇರಿ ಕಟ್ಟಿದ ಈ ಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿ ಶಿವಶಂಕರಪ್ಪ ದಶಕಗಳ ಕಾಲ ಕೂತರು. ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಊರು ಡಾಕ್ಟರು, ಎಂಜಿನಿಯರುಗಳನ್ನು ತೆಗೆಯತೊಡಗಿತು. ದೇಶದ ಯಾವ ಯಾವುದೋ ಮೂಲೆಯ ಹುಡುಗರು ಬಂದು ಬಾಡಿಗೆ ಮನೆ ಹಿಡಿದರು, ಬೆಣ್ಣೆ ದೋಸೆ ತಿಂದರು, ಇಲ್ಲಿನ ಕನ್ನಡ ಕಲಿತರು. ಹಳೆಯ ಗಿರಣಿ ಊರು ಹೊಸ ಅನ್ನದ ದಾರಿ ಕಂಡುಕೊಂಡ ಹೊತ್ತಿನಲ್ಲಿ ಆ ದಾರಿಯ ಬಾಗಿಲಲ್ಲಿ ಇವರಿದ್ದರು. 1994ರಲ್ಲಿ ಪಕ್ಷ ನೆಲ ಕಚ್ಚಿದ್ದರೂ ಇವರೇಕೆ ಗೆದ್ದರು ಎಂಬ ಪ್ರಶ್ನೆಗೆ ನನಗೆ ಕಂಡ ಉತ್ತರ ಇದು. ಜನ ಮತ ಹಾಕಿದ್ದು ಹಸ್ತದ ಗುರುತಿಗಿಂತ ಹೆಚ್ಚಾಗಿ ಆಸ್ಪತ್ರೆಯ ವಾರ್ಡಿಗೆ, ಕಾಲೇಜಿನ ಸೀಟಿಗೆ, ಮಂಡಿಯ ಪರಿಚಯಕ್ಕೆ. ಇದರಲ್ಲಿ ಅಪಾಯವೂ ಇದೆ, ಅದನ್ನು ನಾನು ಮುಚ್ಚಿಡಲಾರೆ. ಸಂಬಳ, ಚಿಕಿತ್ಸೆ, ಸೀಟು, ಮಾರುಕಟ್ಟೆ ಎಲ್ಲದಕ್ಕೂ ಒಂದೇ ಮನೆಯ ಕಡೆ ನೋಡಬೇಕಾದ ಊರಿನಲ್ಲಿ ಎದುರು ಮಾತಾಡುವುದು ಸುಲಭವಲ್ಲ.

ಈಗ ವಯಸ್ಸಿನ ಲೆಕ್ಕಕ್ಕೆ ಬನ್ನಿ. ಮೊದಲ ಸಲ ಶಾಸಕ: 63ನೇ ವಯಸ್ಸು. ಸರ್ಕಾರಿ ನೌಕರರು ಪಿಂಚಣಿ ತೆಗೆದುಕೊಂಡು ಮೊಮ್ಮಕ್ಕಳನ್ನು ಆಡಿಸುವ ಹೊತ್ತು. ಮೊದಲ ಸಲ ಸಂಸದ: 66. ಮೊದಲ ಸಲ ಮಂತ್ರಿ: 81! ಹೌದು, 2013ರಲ್ಲಿ ಸಿದ್ದರಾಮಯ್ಯನವರ ಸಂಪುಟ ಸೇರಿದಾಗ ಅವರಿಗೆ 82 ತುಂಬುವುದರಲ್ಲಿತ್ತು. ಕೊಟ್ಟ ಖಾತೆ ತೋಟಗಾರಿಕೆ ಮತ್ತು ಕೃಷಿ ಮಾರುಕಟ್ಟೆ. ಮಂಡಿಯ ಮನುಷ್ಯನಿಗೆ ಮಂಡಿಯ ಖಾತೆ. 2023ರ ಮೇ ತಿಂಗಳಲ್ಲಿ ಕೊನೆಯ ಸಲ ಗೆದ್ದಾಗ 92ಕ್ಕೆ ಒಂದೇ ತಿಂಗಳು ಬಾಕಿ. ಜಗತ್ತಿನಲ್ಲಿ ಇದಕ್ಕೆ ಸಾಟಿ ಯಾರು ಎಂದು ಹುಡುಕಿದೆ. 2018ರಲ್ಲಿ ಮಲೇಷ್ಯಾದ ಮಹಾತಿರ್ ಮೊಹಮದ್ 92ನೇ ವಯಸ್ಸಿನಲ್ಲಿ ಪ್ರಧಾನಿಯಾದಾಗ ಭೂಮಂಡಲದ ಪತ್ರಿಕೆಗಳೆಲ್ಲ ಬರೆದವು. ನಮ್ಮ ದಾವಣಗೆರೆ ದಕ್ಷಿಣದಲ್ಲಿ ಅದೇ ವಯಸ್ಸಿನ ಹೊಸ್ತಿಲಲ್ಲಿದ್ದವರೊಬ್ಬರು 27,888 ಮತಗಳ ಅಂತರದಿಂದ ಗೆದ್ದು ಬಂದರೆ ಊರಿನವರು ಪಟಾಕಿ ಹೊಡೆದು, ಮಾರನೇ ದಿನ ಅಂಗಡಿ ತೆರೆದರು!

ಮಗ ಎಸ್.ಎಸ್. ಮಲ್ಲಿಕಾರ್ಜುನ್, ಊರವರ ಬಾಯಲ್ಲಿ ಎಸ್‌ಎಸ್‌ಎಂ, ಮೂವರು ಗಂಡುಮಕ್ಕಳಲ್ಲಿ ಕಿರಿಯರು. 1998ರಲ್ಲಿ ತಂದೆ ದೆಹಲಿಗೆ ಹೋದರು, ಖಾಲಿಯಾದ ವಿಧಾನಸಭಾ ಸ್ಥಾನದ ಉಪಚುನಾವಣೆಯಲ್ಲಿ ಮಗ ಗೆದ್ದರು. ಇಲ್ಲಿಂದ ಶುರುವಾಗುತ್ತದೆ ಅಪ್ಪ ಮಗನ ತಕ್ಕಡಿ. ನಾನು ಇದನ್ನು ಕಂಡುಹಿಡಿದ ರಾತ್ರಿ ಹಾಳೆಯ ಅಂಚಿನಲ್ಲಿ ಬಾಣದ ಗುರುತು ಹಾಕುತ್ತಾ ಹೋದೆ. 1999: ಅಪ್ಪ ಲೋಕಸಭೆಗೆ ಸೋತರು, ಮಗ ವಿಧಾನಸಭೆಗೆ ಗೆದ್ದು ಕೃಷ್ಣ ಸರ್ಕಾರದಲ್ಲಿ ಮಂತ್ರಿಯಾದರು. 2004: ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು. ಅಪ್ಪ ವಿಧಾನಸಭೆಗೆ ನಿಂತು ಗೆದ್ದರು, ಮಗ ಲೋಕಸಭೆಗೆ ನಿಂತು ಸೋತರು. 2016: ಅಪ್ಪನನ್ನು ಸಂಪುಟದಿಂದ ಕೈಬಿಟ್ಟರು, ಅದೇ ಪುನಾರಚನೆಯಲ್ಲಿ ಮಗನನ್ನು ತೆಗೆದುಕೊಂಡರು, ತೋಟಗಾರಿಕೆ ಖಾತೆಯೂ ಮನೆಯಲ್ಲೇ ಉಳಿಯಿತು. 2018: ಅಪ್ಪ ದಕ್ಷಿಣದಲ್ಲಿ ಗೆದ್ದರು, ಮಗ ಉತ್ತರದಲ್ಲಿ ಎಸ್.ಎ. ರವೀಂದ್ರನಾಥ್ ಎದುರು ಸೋತರು. ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಬೇಕು ಎಂದು ಯಾರೋ ಬರೆದಿಟ್ಟ ಹಾಗೆ! 1998ರ ನಂತರ ಎರಡೂ ತಟ್ಟೆ ಒಟ್ಟಿಗೆ ಮೇಲೇರಿದ್ದು 2013ರಲ್ಲಿ ಮತ್ತು 2023ರಲ್ಲಿ ಮಾತ್ರ.

ಮತ್ತು ಲೋಕಸಭೆ. ಆ ಲೋಕಸಭೆ ಮಗನಿಗೆ ಒಲಿಯಲೇ ಇಲ್ಲ. 2004, 2009, 2014, ಮೂರು ಸಲ ನಿಂತರು, ಮೂರು ಸಲವೂ ಎದುರಿಗಿದ್ದವರು ಸಿದ್ದೇಶ್ವರ, ಮೂರು ಸಲವೂ ಸೋಲು. ಮೊದಲ ಸಲ ಸುಮಾರು 32 ಸಾವಿರ ಮತ. ಮೂರನೇ ಸಲ 17,607. ಆದರೆ ನಡುವಿನದು, 2009ರದ್ದು, ಅದನ್ನು ಓದಿದಾಗ ನನ್ನ ಕೈಯಲ್ಲಿದ್ದ ಪೆನ್ನು ನಿಂತೇಬಿಟ್ಟಿತು. ಸಿದ್ದೇಶ್ವರ 4,23,447. ಮಲ್ಲಿಕಾರ್ಜುನ್ 4,21,423. ಅಂತರ 2,024.

ಎರಡು ಸಾವಿರದ ಇಪ್ಪತ್ತನಾಲ್ಕು! ಆ ಮನೆ ಕೊನೆಗೂ ಲೋಕಸಭೆ ಗೆದ್ದ ಇಸವಿ ಯಾವುದು? 2024! ಹದಿನೈದು ವರ್ಷ ಮೊದಲೇ ಸೋಲಿನ ಅಂತರದೊಳಗೆ ಗೆಲುವಿನ ವರ್ಷ ಅಡಗಿ ಕೂತಿತ್ತು. ಕಾಕತಾಳೀಯ ಎನ್ನಿ, ಅದು ಕಾಕತಾಳೀಯವೇ. ಆದರೂ ಒಂಟಿಯಾಗಿ ದೀಪದಡಿ ಕೂತು ಇದನ್ನು ಕಂಡವನ ಮೈ ನವಿರೇಳದೆ ಇರುತ್ತದೆಯೇ? ಆ ಅಂತರವನ್ನು ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಿಗೆ ಹಂಚಿ ನೋಡಿದೆ: ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಚಿಲ್ಲರೆ ಉಳಿಯದೆ ಒಂದೊಂದಕ್ಕೆ 253 ಮತ. ಒಂದೊಂದು ಭಾಗದಲ್ಲಿ 127 ಜನ ಮನಸ್ಸು ಬದಲಿಸಿದ್ದರೆ ಜಿಲ್ಲೆಯ ರಾಜಕೀಯವೇ ಬೇರೆಯಾಗುತ್ತಿತ್ತು. 127 ಜನ ಅಂದರೆ ಎಷ್ಟು? ಒಂದು ಮದುವೆ ಊಟದ ಮೊದಲ ಪಂಕ್ತಿ. ಸಾರಥಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು "ಎರಡ್ ಮನಿ ಲೆಕ್ಕ" ಎಂದ ಹಿರಿಯರು, ಅವರ ಓಣಿ, ಅವರ ಅಳಿಯನ ಓಣಿ, ಅಷ್ಟೇ ಸಾಕಿತ್ತು!

ಎದುರಾಳಿ ಮನೆಯನ್ನೂ ಹತ್ತಿರದಿಂದ ನೋಡದೆ ಈ ಬೆರಗು ಪೂರ್ತಿಯಾಗುವುದಿಲ್ಲ. ಸಿದ್ದೇಶ್ವರ ಅವರ ಮೂಲ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ, ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಅವರದೂ ವ್ಯಾಪಾರದ ಮನೆ, ಅವರದೂ ಲಿಂಗಾಯತ ಮನೆ, ದಾವಣಗೆರೆಯಲ್ಲಿ ಅವರದೂ ಎಂಜಿನಿಯರಿಂಗ್ ಕಾಲೇಜು. 2014ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾದ ಅವರು 2016ರ ಜುಲೈನಲ್ಲಿ ಸ್ಥಾನ ಬಿಟ್ಟರು. ಇತ್ತ ಶಿವಶಂಕರಪ್ಪ ಸಂಪುಟದಿಂದ ಹೊರಬಂದದ್ದು 2016ರ ಜೂನ್‌ನಲ್ಲಿ. ಒಂದು ತಿಂಗಳ ಅಂತರದಲ್ಲಿ ಎರಡೂ ಮನೆಯ ಹಿರಿಯರ ಗೂಟದ ಕಾರುಗಳು ನಿಂತವು! ಹರಿಹರೇಶ್ವರನ ಗುಡಿಗೆ ಹೋದಾಗ ನನಗೆ ಇದೇ ನೆನಪು. ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ, ಪೋಲಾಳ್ವ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯಲ್ಲಿ ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಮಂಗಳಾರತಿಯ ಬೆಳಕು ಎಡಬಲ ಆಡುವಾಗ ಒಮ್ಮೆ ಒಬ್ಬ ಕಾಣುತ್ತಾನೆ, ಒಮ್ಮೆ ಇನ್ನೊಬ್ಬ.

ದಾವಣಗೆರೆ ದಕ್ಷಿಣ ಕ್ಷೇತ್ರದಲ್ಲಿ ನಾನು ಮಂಡಕ್ಕಿ ಭಟ್ಟಿಯೊಂದರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಊರು ಸಂಜೆ ಮಿರ್ಚಿಯ ಜೊತೆ ಮುಕ್ಕುವ ಮಂಡಕ್ಕಿ ಹುಟ್ಟುವುದು ಈ ಕಡೆಯ ಭಟ್ಟಿಗಳಲ್ಲಿ. ಉಪ್ಪು ಹಿಡಿದ ಅಕ್ಕಿಯನ್ನು ಕೆಂಪಗೆ ಕಾದ ಮರಳಿಗೆ ಸುರಿದ ಕೂಡಲೇ ಚಟಚಟ ಎಂದು ಒಂದೇ ಉಸಿರಿಗೆ ಎಲ್ಲ ಅರಳುತ್ತದೆ. ಹಿಡಿಯಷ್ಟಿದ್ದದ್ದು ಮೊರದಷ್ಟಾಗುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಬೆಳ್ಳಗಿನ ಮಂಡಕ್ಕಿ ಮೇಲೆ. ಆ ಶಾಖದಲ್ಲಿ ದಿನವಿಡೀ ನಿಲ್ಲುವವರ ಮುಖದ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಮೂಡಿರುತ್ತದೆ. ಇಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು, ಕ್ಷೇತ್ರದಲ್ಲೂ ಅವರ ಸಂಖ್ಯೆ ದೊಡ್ಡದು. 2008ರಲ್ಲಿ ದಾವಣಗೆರೆ ಎರಡು ಕ್ಷೇತ್ರವಾಗಿ ಒಡೆದ ಮೇಲೆ ಶಿವಶಂಕರಪ್ಪ ಆರಿಸಿಕೊಂಡದ್ದು ಈ ದಕ್ಷಿಣವನ್ನು. 2008, 2013, 2018, 2023, ನಾಲ್ಕಕ್ಕೆ ನಾಲ್ಕೂ ಗೆದ್ದರು. ಅಖಿಲ ಭಾರತ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು, ತಮ್ಮ ಸಮುದಾಯದ ಅತಿ ದೊಡ್ಡ ದನಿಯಾಗಿದ್ದವರು, ಗೆಲ್ಲುತ್ತಿದ್ದದ್ದು ಭಟ್ಟಿಯ ಓಣಿಗಳ ಬಲದಿಂದಲೂ ಹೌದು! ಈ ಒಂದು ಸಂಗತಿ ಸಾಕು, ಜಾತಿ ಲೆಕ್ಕ ಹಾಕಿ ಕರ್ನಾಟಕವನ್ನು ಅಳೆದು ಮುಗಿಸಿದೆವು ಎನ್ನುವವರ ಬಾಯಿ ಕಟ್ಟಲು.

ಪಕ್ಷದೊಳಗೂ ಅವರು ಗಾಳಿಗೆ ಎದುರೇ. ವರ್ಷಗಟ್ಟಲೆ ಕೆಪಿಸಿಸಿ ಖಜಾಂಚಿಯಾಗಿದ್ದವರು. ಹಾಗಿದ್ದೂ 2018ರಲ್ಲಿ ತಮ್ಮದೇ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಲು ಹೊರಟಾಗ ವೀರಶೈವ–ಲಿಂಗಾಯತ ಎರಡೂ ಒಂದೇ ಎಂದು ಅಡ್ಡ ನಿಂತರು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಬಿಜೆಪಿ ಸಂಸದ ಬಿ.ವೈ. ರಾಘವೇಂದ್ರ ಅವರನ್ನು ಮತ್ತೆ ಗೆಲ್ಲಿಸಿ ಎಂಬರ್ಥದಲ್ಲಿ ಮಾತಾಡಿ ತಮ್ಮ ಪಕ್ಷವನ್ನು ತಬ್ಬಿಬ್ಬು ಮಾಡಿದರು. ನಾಲಿಗೆಗೆ ಕಡಿವಾಣ ಇರಲಿಲ್ಲ. ಒಮ್ಮೆ ಅದು ಬಹಳ ಕೆಟ್ಟದಾಗಿ ಜಾರಿತು, ಅದು ಈ ಕತೆಯ ತಿರುವಿನಲ್ಲೇ ಜಾರಿತು.

2019ರಲ್ಲಿ ಶಾಮನೂರು ಮನೆ ಲೋಕಸಭೆಗೆ ನಿಲ್ಲಲಿಲ್ಲ. ಕಾಂಗ್ರೆಸ್ಸಿನಿಂದ ಎಚ್.ಬಿ. ಮಂಜಪ್ಪ ನಿಂತರು, ಸಿದ್ದೇಶ್ವರ 1,69,702 ಮತಗಳಿಂದ ಗೆದ್ದರು. ಅಂಥ ಬೆಟ್ಟದ ಮುಂದೆ 2024ರಲ್ಲಿ ಎಸ್‌ಎಸ್‌ಎಂ ಮನೆ ಯಾರನ್ನು ಕಳಿಸಿತು? ದಂತವೈದ್ಯೆ ಡಾ. ಪ್ರಭಾ ಮಲ್ಲಿಕಾರ್ಜುನ್ ಅವರನ್ನು. ಆರೋಗ್ಯ ಶಿಬಿರ, ಎಸ್.ಎಸ್. ಕೇರ್ ಟ್ರಸ್ಟ್ ಎಂದು ಓಡಾಡಿಕೊಂಡಿದ್ದವರು, ಅದುವರೆಗೆ ಯಾವ ಚುನಾವಣೆಗೂ ನಿಂತವರಲ್ಲ. ಎದುರಿಗೆ ಬಿಜೆಪಿ ಯಾರನ್ನು ತಂದಿತು? ಸಿದ್ದೇಶ್ವರ ಅವರ ಪತ್ನಿ ಗಾಯಿತ್ರಿ ಸಿದ್ದೇಶ್ವರ ಅವರನ್ನು! ಕ್ಷೇತ್ರ ಹುಟ್ಟಿ 47 ವರ್ಷ. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕೊಂಡಜ್ಜಿ ಬಸಪ್ಪನವರಿಂದ ಹಿಡಿದು ಟಿ.ವಿ. ಚಂದ್ರಶೇಖರಪ್ಪ, ಚನ್ನಯ್ಯ ಒಡೆಯರ್ ದಾಟಿ ಸಿದ್ದೇಶ್ವರ ಅವರವರೆಗೆ ಹಾಳೆಯ ತುಂಬ ಗಂಡಸರ ಹೆಸರು. ಈಗ ಎರಡೂ ಮನೆ ಒಂದೇ ಸಲ ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸಿದ್ದವು. ಎರಡರಲ್ಲಿ ಯಾವ ಮನೆ ಗೆದ್ದರೂ ದಾವಣಗೆರೆಗೆ ಮೊದಲ ಮಹಿಳಾ ಸಂಸದೆ. ಎಣಿಕೆಗೆ ಮೊದಲೇ ಇತಿಹಾಸ ಅರ್ಧ ಬರೆದಾಗಿತ್ತು.

ಇಂಥ ಹೊತ್ತಿನಲ್ಲಿ ಶಿವಶಂಕರಪ್ಪ ಎದುರಾಳಿ ಅಭ್ಯರ್ಥಿ ಅಡುಗೆ ಮಾಡಲಷ್ಟೇ ಲಾಯಕ್ಕು ಎಂಬರ್ಥದ ಮಾತಾಡಿದರು. ದೇಶದುದ್ದಕ್ಕೂ ಸುದ್ದಿಯಾಯಿತು, ಚುನಾವಣಾ ಆಯೋಗಕ್ಕೆ ದೂರು ಹೋಯಿತು. ನನಗೆ ಅದನ್ನು ಓದಿ ಬೇಸರವಾಯಿತು, ಈಗಲೂ ಆ ಬೇಸರ ಹೋಗಿಲ್ಲ. ತಮ್ಮ ಸೊಸೆಗೆ ಮತ ಕೇಳುತ್ತಿದ್ದವರು ಇನ್ನೊಂದು ಮನೆಯ ಹೆಣ್ಣುಮಗಳ ಬಗ್ಗೆ ಹಾಗೆ ಹೇಳಬಾರದಿತ್ತು. ಸೌಟು ಹಿಡಿಯುವ ಕೈಗಳೇ ಮತಯಂತ್ರದ ಗುಂಡಿ ಒತ್ತುವುದು ಎಂಬುದು ಅಷ್ಟು ಚುನಾವಣೆ ಕಂಡವರಿಗೆ ಗೊತ್ತಿರಲಿಲ್ಲವೇ?

ಮೇ 7ರಂದು ಮತದಾನ. ಜೂನ್ 4ರಂದು ಎಣಿಕೆ. ಪ್ರಭಾ 6,33,059, ಗಾಯಿತ್ರಿ 6,06,965. ಅಂತರ 26,094. ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ನಲವತ್ತು ಸಾವಿರಕ್ಕೂ ಹೆಚ್ಚು ಮತ ತೆಗೆದುಕೊಂಡರು. ಎರಡು ಮನೆಯ ನಡುವೆ ಮೂರನೆಯ ದಾರಿ ಹುಡುಕಿದವರ ತಲೆ ಎಣಿಕೆ ಅದು. ಈ ಸಂಖ್ಯೆಯನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡಿದ್ದೇನೆ, ಎರಡೂ ಮನೆಯವರು ಹಾಗೆ ಮಾಡಿಕೊಂಡಿದ್ದರೆ ಒಳ್ಳೆಯದು. ಇನ್ನು ಎರಡನೆಯ ಹಾಳೆ, ರಾಜ್ಯದ ಹಾಳೆ, ಅದನ್ನು ಪಕ್ಕದಲ್ಲಿಟ್ಟೆ. 2024ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಎಷ್ಟು? 9! ಮಾವ ಗೆದ್ದ 1998ರಲ್ಲಿ ಎಷ್ಟು? 9! 26 ವರ್ಷಗಳ ನಂತರ ಸೊಸೆ ಗೆದ್ದದ್ದೂ ಪಕ್ಷ ರಾಜ್ಯದಲ್ಲಿ ಹಿಂದೆ ಬಿದ್ದ ವರ್ಷವೇ. ನಿಜ ಹೇಳಬೇಕೆಂದರೆ ಮಗ ಸೋತ 2014ರಲ್ಲೂ ಪಕ್ಷಕ್ಕೆ ಒಂಬತ್ತೇ. ಆದ್ದರಿಂದ ಅಂಕಿಯಲ್ಲಿ ಮಂತ್ರವೇನೂ ಇಲ್ಲ. ಆದರೆ ಈ ಮನೆ ಲೋಕಸಭೆ ಗೆದ್ದ ಎರಡು ಸಲವೂ ರಾಜ್ಯದ ಗಾಳಿ ಎದುರಿಗೇ ಇತ್ತು ಎಂಬುದು ನೋಡಿದಷ್ಟೂ ಬೆರಗು.

ಅಂದಿನಿಂದ ಸುಮಾರು ಒಂದೂವರೆ ವರ್ಷ ಒಂದೇ ಮನೆಯಲ್ಲಿ ಮೂವರು. ಮಾವ ಶಾಸಕ. ಮಗ ಗಣಿ ಮತ್ತು ತೋಟಗಾರಿಕೆ ಸಚಿವ, ತೋಟಗಾರಿಕೆ ಆ ಮನೆಗೆ ಮೂರನೇ ಸಲ! ಸೊಸೆ ಸಂಸದೆ. ಬೆಳಗಿನ ಕಾಫಿಗೆ ಕೂತರೆ ಒಂದು ಕುರ್ಚಿ ದೆಹಲಿಗೆ, ಒಂದು ವಿಧಾನಸೌಧದ ಸಂಪುಟ ಸಭೆಗೆ, ಒಂದು ಹಳೇ ದಾವಣಗೆರೆಯ ಓಣಿಗೆ. ಕರ್ನಾಟಕದಲ್ಲಿ ಇಂಥ ಮನೆ ಇದೊಂದೇ ಅಲ್ಲ. ಅದೇ 2024ರಲ್ಲಿ ಬೀದರ್‌ನಿಂದ ಸಾಗರ್ ಖಂಡ್ರೆ, ಚಿಕ್ಕೋಡಿಯಿಂದ ಪ್ರಿಯಾಂಕಾ ಜಾರಕಿಹೊಳಿ ಗೆದ್ದರು, ಇಬ್ಬರೂ ಸಚಿವರ ಮಕ್ಕಳು. ಹೊಸಬರಿಗೆ, ಹಣವಿಲ್ಲದವರಿಗೆ, ಹೆಸರಿಲ್ಲದವರಿಗೆ ಬಾಗಿಲು ಎಲ್ಲಿ ಎಂಬ ಪ್ರಶ್ನೆ ಸಾರಥಿಯ ಹುಡುಗನಿಗೂ ಇದೆ, ಬೀದರಿನ ಹುಡುಗನಿಗೂ ಇದೆ. ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ತಲುಪದ ಹರಿಹರ ತಾಲ್ಲೂಕಿನ ರೈತನಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಕುಡಿದು ಉಳಿದದ್ದು ಕೆಳಗೆ ಬರುವುದು ಅವನಿಗೆ ದಿನದ ಅನುಭವ.

2025ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ಶಾಮನೂರು ಶಿವಶಂಕರಪ್ಪ ತೀರಿಕೊಂಡರು. ವಯಸ್ಸು 94. ಕೊನೆಯ ಉಸಿರಿನವರೆಗೂ ಶಾಸಕ, ದೇಶದಲ್ಲೇ ಅತಿ ಹಿರಿಯ ಶಾಸಕ. ಮಾರನೇ ದಿನ ದಾವಣಗೆರೆಗೆ ಜನ ಹರಿದು ಬಂದರು.

ಸಮಾಧಿ ಎಲ್ಲಿ ಎಂದು ನಾನು ಊಹಿಸುತ್ತಿದ್ದೆ. ಅವರು ಬೆಳೆಸಿದ ವೈದ್ಯಕೀಯ ಕಾಲೇಜಿನ ಅಂಗಳವೇ, ಯಾವುದಾದರೂ ಮಠದ ಆವರಣವೇ, ಊರಾಚೆಯ ತೋಟವೇ? ಯಾವುದೂ ಅಲ್ಲ. ಕಲ್ಲೇಶ್ವರ ಅಕ್ಕಿ ಗಿರಣಿಯ ಆವರಣದಲ್ಲಿ, ಪತ್ನಿಯ ಸಮಾಧಿಯ ಪಕ್ಕದಲ್ಲಿ. ಕಲ್ಲಪ್ಪನ ಮಗ ಕಲ್ಲೇಶ್ವರ ಗಿರಣಿಯ ಅಂಗಳಕ್ಕೇ ಮರಳಿದ್ದರು. ಹಾಳೆಯ ಅಂಚಿನಲ್ಲಿ ಅದನ್ನೂ ಬರೆದುಕೊಂಡೆ. ಮತ್ತೊಂದು ದಿನ ಸಾರಥಿಯ ಅದೇ ಕಟ್ಟೆಯ ಮೇಲೆ ಕೂತಿದ್ದೆ. ಬಸ್ಸು ಬಂದಿತ್ತು, ಛಾವಣಿಯ ಮೇಲೆ ಭತ್ತದ ಚೀಲಗಳನ್ನು ಹೇರುತ್ತಿದ್ದರು. ಅದೇ ಹಿರಿಯರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ, ಮೊದಲ ಸಾಲಿನಿಂದ ಜೋರಾಗಿ ಓದತೊಡಗಿದರು.